ತೈಲವೂ ತಂತಿಯೂ

ಏತದಿಂದ ತೋಟಕ್ಕೆ ನೀರುಣಿಸಿದವನಿಗೆ ಒಂದು ಸಂಗತಿಯು ಯಾರೂ ಹೇಳದೆಯೇ ತಿಳಿದಿರುತ್ತದೆ. ಬಾವಿಯಲ್ಲಿ ನೀರು ಎಷ್ಟಿದ್ದರೂ, ಏತದ ಮರವು ಎಷ್ಟು ಗಟ್ಟಿಯಾಗಿದ್ದರೂ, ನೀರು ಹರಿಯುವ ಕಾಲುವೆಯಲ್ಲಿ ಕಸವು ಕಟ್ಟಿಕೊಂಡಿದ್ದರೆ ಕಡೆಯ ಅಡಿಕೆಯ ಮರದ ಬುಡವು ಒಣಗಿಯೇ ಇರುವದು. ಆದಕಾರಣ ಅನುಭವಿಯಾದ ತೋಟಿಗನು ಮರವು ಬಾಡಿದ್ದನ್ನು ಕಂಡೊಡನೆ ಇನ್ನೊಂದು ಏತವನ್ನು ಹೂಡುವದಿಲ್ಲ. ಸಲಿಕೆಯನ್ನು ಹಿಡಿದು ಕಾಲುವೆಯ ಗುಂಟ ನಡೆದು ನೋಡುತ್ತಾನೆ. ಇದೇ ನ್ಯಾಯವು ಈಗಿನ ಮೋಟಾರು ಗಾಡಿಗಳ ಒಡಲಿನಲ್ಲಿಯೂ ನಡೆಯುತ್ತದೆ. ಅಂಗಳದಲ್ಲಿ ಗಾಡಿಯನ್ನಿಟ್ಟುಕೊಂಡ ಗೃಹಸ್ಥರು ಇದನ್ನು ಸ್ವಲ್ಪವಾದರೂ ಅರಿತಿರುವದು ಹಿತಕರವು.

ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳಲ್ಲಿ ಮೋಟಾರು ಗಾಡಿಯು ವಿಲಾಸದ ವಸ್ತುವೆನಿಸಿಕೊಳ್ಳುತ್ತಿದ್ದ ಕಾಲವು ಕಳೆದುಹೋಗಿದೆ. ಶರಾವತಿಗೆ ಸೇತುವೆಯಿಲ್ಲದಿದ್ದಾಗ ಹೊನ್ನಾವರದ ಪ್ರಯಾಣಿಕನು ದೋಣಿಗಾಗಿ ದಂಡೆಯ ಮೇಲೆ ಕಾದು ಕುಳಿತಿರುತ್ತಿದ್ದನು. ಈಗ ಹೊಳೆಗಳಿಗೆಲ್ಲ ಸೇತುವೆಗಳಾಗಿವೆ. ಮೊದಲು ೧೭ನೆಯದೆಂದೂ ೨೦೧೦ರಿಂದ ೬೬ನೆಯದೆಂದೂ ಎಣಿಸಲ್ಪಟ್ಟ ರಾಷ್ಟ್ರೀಯ ಹೆದ್ದಾರಿಯು ಕಡಲಿನ ಮಗ್ಗುಲಲ್ಲಿಯೇ ಸಾಗಿದೆ. ಆದರೂ ಗಂಡಾಂತರದಲ್ಲಿರುವ ರೋಗಿಯನ್ನು ಬಹುಮಟ್ಟಿಗೆ ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವದೇ ಇಲ್ಲಿಯ ರೂಢಿ. ಜಿಲ್ಲೆಯಲ್ಲಿಯೇ ಸರ್ವಸಜ್ಜಿತವಾದ ಆಸ್ಪತ್ರೆಯು ಬೇಕೆಂದು ೨೦೨೨ರಲ್ಲಿ ಜನರು ಎತ್ತಿದ ಕೂಗಿಗೆ ಇದೇ ಕಾರಣವು. ಕುಮಟೆಯಿಂದ ಮಣಿಪಾಲಕ್ಕೆ ಸುಮಾರು ೧೫೦ ಕಿಲೋಮೀಟರು ದಾರಿ. ನಡುರಾತ್ರಿಯಲ್ಲಿ ಆ ದಾರಿಯನ್ನು ಹಿಡಿದ ಮನೆಯವರಿಗೆ ಗಾಡಿಯ ಹಿಂಬದಿಯಲ್ಲಿ, ಪೆಟ್ರೋಲಿನೊಳಗೆ ಮುಳುಗಿಕೊಂಡು ತಿರುಗುತ್ತಿರುವ ಒಂದು ಗೇಣುದ್ದದ ಪಂಪು ಎಷ್ಟು ದೊಡ್ಡ ಆಸರೆಯೆಂಬದು ಅದು ಸೋತಾಗ ಮಾತ್ರ ತಿಳಿಯುತ್ತದೆ.

ಪೆಟ್ರೋಲನ್ನು ಎಂಜಿನಿಗೆ ಮುಟ್ಟಿಸುವ ಪ್ರಶ್ನೆಯು ಮೋಟಾರಿನಷ್ಟೇ ಹಳೆಯದು. ಅಮೇರಿಕೆಯಲ್ಲಿ ೧೯೦೮ರಲ್ಲಿ ಹುಟ್ಟಿದ ಫೋರ್ಡ್ ಕಂಪನಿಯ 'ಟಿ' ಮಾದರಿಯ ಗಾಡಿಯಲ್ಲಿ ಪಂಪೇ ಇರಲಿಲ್ಲ. ಟಾಂಕಿಯು ಆಸನದ ಕೆಳಗೆ. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯಬೇಕು. ಕಡಿದಾದ ಏರಿನಲ್ಲಿ ಎಂಜಿನು ಟಾಂಕಿಗಿಂತ ಮೇಲಾದೊಡನೆ ಧಾರೆಯು ನಿಂತುಹೋಗುವದು. ಆಗ ಚಾಲಕರು ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿಯೇ ಗುಡ್ಡವನ್ನು ಏರಿಸುತ್ತಿದ್ದರು. ಕುಮಟೆಯಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟವನ್ನು ಹಾಗೆ ಹಿಂದುಹಿಂದಾಗಿ ಏರುವದನ್ನು ವಾಚಕರು ಊಹಿಸಿಕೊಳ್ಳಬಹುದು. ಅನಂತರ ಎಂಜಿನಿನ ಮಗ್ಗುಲಿಗೇ ಅಂಟಿಕೊಂಡು ಅದರ ತಿರುಗುವಿಕೆಯಿಂದಲೇ ಮಿಡಿಯುವ ಚರ್ಮಪಟಲದ ಪಂಪುಗಳು ಬಂದವು. ೨೦೧೪ರಲ್ಲಿ ತಯಾರಿಕೆಯು ನಿಂತುಹೋದ ಅಂಬಾಸಡರ್ ಗಾಡಿಯನ್ನು ಬಲ್ಲ ಹಿರಿಯರಿಗೆ ಈ ಪಂಪಿನ ಗುಣವೂ ನೆನಪಿರಬಹುದು. ಬೇಸಗೆಯ ಏರಿನಲ್ಲಿ ಎಂಜಿನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ಧಾರೆಯು ಕಡಿದುಹೋಗುತ್ತಿತ್ತು. ಚಾಲಕನು ಒದ್ದೆಯ ಬಟ್ಟೆಯನ್ನು ಪಂಪಿಗೆ ಸುತ್ತಿ, ಮರದ ನೆರಳಿನಲ್ಲಿ ಬೀಡಿಯೊಂದು ಮುಗಿಯುವವರೆಗೆ ಕಾಯುತ್ತಿದ್ದನು.

೨೦೦೦ದ ಸುಮಾರಿಗೆ ನಮ್ಮ ದೇಶದಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಪದ್ಧತಿಯು ಎಲ್ಲ ಗಾಡಿಗಳಿಗೂ ಬಂದಿತು. ಅದರೊಡನೆ ಪಂಪು ಎಂಜಿನಿನ ಮಗ್ಗುಲನ್ನು ಬಿಟ್ಟು ಟಾಂಕಿಯೊಳಗೆ ಇಳಿಯಿತು, ವಿದ್ಯುತ್ತಿನಿಂದ ತಿರುಗಹತ್ತಿತು, ತಾನು ದಬ್ಬುವ ಪೆಟ್ರೋಲಿನಿಂದಲೇ ತಂಪಾಗಹತ್ತಿತು. ಟಾಂಕಿಯನ್ನು ಯಾವಾಗಲೂ ತಳಮುಟ್ಟ ಖಾಲಿ ಮಾಡಿ ಓಡಿಸುವವರ ಪಂಪು ಬೇಗನೆ ಸಾಯುವದಕ್ಕೆ ಇದೇ ಕಾರಣವು. ಯೋಗಿಗಳ ಧ್ಯಾನವು ತೈಲಧಾರೆಯಂತೆ ಎಡೆಬಿಡದೆ ಇರಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಈ ಪಂಪಿನ ಧರ್ಮವೂ ಅದೇ. ಅದು ಕ್ಷಣಕಾಲ ತಡವರಿಸಿದರೆ ಎಂಜಿನೂ ತಡವರಿಸುವದು.

ಸಾಮಾನ್ಯ ಎಂಜಿನಿನಲ್ಲಿ ಈ ತಡವರಿಕೆಯಿಂದ ಗಾಡಿಯು ನಿಲ್ಲಬಹುದು. ಟರ್ಬೋಚಾರ್ಜರುಳ್ಳ ಎಂಜಿನಿನಲ್ಲಿ ಎಂಜಿನೇ ಹಾಳಾಗಬಹುದು. ಅದರ ಕಾರಣವನ್ನು ತಿಳಿಯಲು ಟರ್ಬೋಚಾರ್ಜರಿನ ಸ್ವರೂಪವನ್ನು ನೋಡತಕ್ಕದ್ದು. ಸ್ವಿಸ್ ದೇಶದ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು ೧೯೦೫ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದನು. ಎಂಜಿನು ಹೊರಗೆಸೆಯುವ ಬಿಸಿಹೊಗೆಯಿಂದ ಒಂದು ಚಕ್ರವನ್ನು ತಿರುಗಿಸುವದು, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಎಂಜಿನೊಳಗೆ ಒತ್ತಿ ತುಂಬುವದು, ಇಷ್ಟೇ ಅದರ ಯುಕ್ತಿ. ಆ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನೂ ಮೀರಿ ತಿರುಗುತ್ತದೆ. ೧೯೬೨ರಲ್ಲಿ ಅಮೇರಿಕೆಯ ಎರಡು ಗಾಡಿಗಳಲ್ಲಿ ಇದು ಮೊದಲು ಮಾರಾಟಕ್ಕೆ ಬಂದಿತು. ಈಗ ಕುಮಟೆಯ ಪೇಟೆಯಲ್ಲಿ ನಿಂತಿರುವ ಸಣ್ಣ ಗಾಡಿಗಳ ಮೂತಿಯೊಳಗೂ ಇದೆ.

ಗಾಳಿಯು ಹೆಚ್ಚಾದರೆ ಪೆಟ್ರೋಲೂ ಹೆಚ್ಚಾಗಬೇಕು. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ೧೪.೭ ತೂಕ ಗಾಳಿಯು ಬೇಕು. ಟರ್ಬೋ ಒತ್ತುತ್ತಿರುವಾಗ ಎಂಜಿನಿನ ಕಾವನ್ನು ತಣಿಸಲು ಇನ್ನೂ ಹೆಚ್ಚು ಪೆಟ್ರೋಲನ್ನು ಕೊಟ್ಟು ಈ ಪ್ರಮಾಣವನ್ನು ೧೨ರ ಸುಮಾರಿಗೆ ಇಳಿಸುವದುಂಟು. ಇದಲ್ಲದೆ ಇನ್ನೊಂದು ತೊಡಕು ಇದೆ. ಸಿಂಪಡಿಸುವ ನಳಿಕೆಯ ಆಚೆಗೆ ಟರ್ಬೋದ ಗಾಳಿಯು ೧ ಬಾರಿನಷ್ಟು ಒತ್ತಿ ನಿಂತಿದ್ದರೆ, ಮೊದಲು ೩ ಬಾರು ಒತ್ತಡದಿಂದ ಬರುತ್ತಿದ್ದ ಪೆಟ್ರೋಲು ಈಗ ೪ ಬಾರಿನಿಂದ ಬರಬೇಕಾಗುತ್ತದೆ. ಹೀಗೆ ಪಂಪು ಹೆಚ್ಚು ಪೆಟ್ರೋಲನ್ನು ಹೆಚ್ಚು ಒತ್ತಡದಲ್ಲಿ ಕೊಡಬೇಕಾದ ಹೊತ್ತು ಒಂದೇ ಆಗಿದೆ: ಏರಿನಲ್ಲಿ, ಅಥವಾ ಎದುರಿನ ಲಾರಿಯು ಬರುವ ಮುನ್ನ ಮುಂದಿನ ಬಸ್ಸನ್ನು ದಾಟುವಾಗ. ಆಗ ಪೆಟ್ರೋಲು ಕಡಿಮೆಯಾದರೆ ಎಂಜಿನೊಳಗಿನ ಮಿಶ್ರಣವು ಕಾಲವಲ್ಲದ ಕಾಲದಲ್ಲಿ ಸಿಡಿಯುತ್ತದೆ. ಸುತ್ತಿಗೆಯಿಂದ ಬಡಿದಂಥ ಸದ್ದಾಗುತ್ತದೆ. ಹಾಗೆಯೇ ಮುಂದುವರಿದರೆ ಪಿಸ್ಟನ್ನು ಒಡೆಯಬಹುದು, ಕರಗಲೂಬಹುದು.

ಕುಮಟೆಯ ಒಬ್ಬ ಗೃಹಸ್ಥನ ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ತಕ್ಕ ಉದಾಹರಣೆಯಾಗಿದೆ. ಅವನ ತಾಯಿಗೆ ಹೃದಯದ ಬೇನೆ. ಎರಡು ಮೂರು ತಿಂಗಳಿಗೊಮ್ಮೆ ಅವಳನ್ನು ಮಣಿಪಾಲಕ್ಕೆ ಕರೆದೊಯ್ಯುವದು ವಾಡಿಕೆ. ಒಮ್ಮೊಮ್ಮೆ ರಾತ್ರಿಯಲ್ಲಿ ಅವಸರದಿಂದ ಹೊರಡುವ ಪ್ರಸಂಗವೂ ಬರುತ್ತಿತ್ತು. ಮನೆಯ ಗಾಡಿಯು ಟರ್ಬೋ ಉಳ್ಳದ್ದು, ಹತ್ತು ಮಳೆಗಾಲಗಳನ್ನು ಕಂಡದ್ದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಅವನ ಮಗನು ಅಜ್ಜಿಯನ್ನು ಬೇಗನೆ ಮುಟ್ಟಿಸಬೇಕೆಂಬ ಪ್ರೀತಿಯಿಂದಲೋ, ಹರೆಯದ ಉತ್ಸಾಹದಿಂದಲೋ, ಅಲ್ಲಿಯ ಒಂದು ಕಾರಖಾನೆಯಲ್ಲಿ ಗಾಡಿಯ ಗಣಕಯಂತ್ರದ ಬರಹವನ್ನು ತಿದ್ದಿಸಿ ಟರ್ಬೋದ ಒತ್ತಡವನ್ನು ಏರಿಸಿಕೊಂಡು ಬಂದನು. ಎಂಟು ದಿನ ಗಾಡಿಯು ಹಾರಿತು. ಒಂಬತ್ತನೆಯ ದಿನ ದೇವಿಮನೆ ಘಟ್ಟದ ತಿರುವಿನಲ್ಲಿ ಎಂಜಿನು ಕೆಮ್ಮಹತ್ತಿತು.

ಪಂಪು ಸಣ್ಣದೆಂದು ಎಲ್ಲರೂ ಹೇಳಿದರು. ಗಂಟೆಗೆ ೨೫೫ ಲೀಟರು ದಬ್ಬುವದೆಂದು ಮುದ್ರೆಯುಳ್ಳ ದೊಡ್ಡ ಪಂಪನ್ನು ತರಿಸಿ ಟಾಂಕಿಗೆ ಇಳಿಸಲಾಯಿತು. ಆಶ್ಚರ್ಯವೇನೆಂದರೆ, ಬೇನೆಯು ಕಡಿಮೆಯಾಗಲಿಲ್ಲ. ಒಂದು ರಾತ್ರಿ ತಾಯಿಯನ್ನು ಹಿಂದಿನ ಆಸನದಲ್ಲಿ ಮಲಗಿಸಿಕೊಂಡು ತೆಂಕಣಕ್ಕೆ ಹೊರಟಾಗ, ಹೊನ್ನಾವರವನ್ನು ದಾಟಿ, ಮಂಕಿಯನ್ನು ದಾಟಿ, ಶಿರಾಲಿಯ ಹತ್ತಿರ ಒಂದು ಲಾರಿಯನ್ನು ಹಿಂದೆ ಹಾಕಲೆಂದು ಬಲಕ್ಕೆ ಸರಿದ ಕ್ಷಣದಲ್ಲಿಯೇ ಗಾಡಿಯ ಉಸಿರು ಕಟ್ಟಿತು. ಎದುರಿನಿಂದ ಬೆಳಕು ಬರುತ್ತಿತ್ತು. ಲಾರಿಯವನು ಪುಣ್ಯಾತ್ಮನು, ಪರಿಸ್ಥಿತಿಯನ್ನು ಅರಿತು ವೇಗವನ್ನು ತಗ್ಗಿಸಿ ಹಿಂದೆ ಎಡೆ ಕೊಟ್ಟನು. ಉಳಿದ ದಾರಿಯನ್ನು ಗಂಟೆಗೆ ನಲ್ವತ್ತು ಕಿಲೋಮೀಟರಿನಂತೆ ಸಾಗಿಸಿ ಬೆಳಕು ಹರಿಯುವಾಗ ಆಸ್ಪತ್ರೆಯನ್ನು ಮುಟ್ಟಿದರು. ತಾಯಿಯು ಬದುಕಿದಳು. ಆದರೆ ಅಂದಿನಿಂದ ಆ ಗೃಹಸ್ಥನಿಗೆ ಗಾಡಿಯ ಮೇಲಿದ್ದ ನಂಬುಗೆಯು ಹೋಯಿತು; ಮಗನು ತಂದೆಯ ಮುಖವನ್ನು ನೋಡದಾದನು.

ಭಟ್ಕಳದಲ್ಲಿ ಮೀನುಗಾರಿಕೆಯ ಯಂತ್ರದೋಣಿಗಳ ವಿದ್ಯುತ್ತಿನ ಕೆಲಸವನ್ನು ಮಾಡಿ ಮುದುಕನಾದ ಒಬ್ಬ ಮೇಸ್ತ್ರಿಯು ಕೊನೆಗೆ ಈ ಗಾಡಿಯನ್ನು ನೋಡಿದನು. ಅವನು ಪಂಪನ್ನು ಮುಟ್ಟಲೇ ಇಲ್ಲ. ಎಂಜಿನು ಓಡುತ್ತಿರುವಾಗ ವೋಲ್ಟುಮಾಪಕದ ಎರಡು ಮುಳ್ಳುಗಳನ್ನು ಬ್ಯಾಟರಿಗೆ ಹಿಡಿದನು, ೧೩.೮ ವೋಲ್ಟು ಕಾಣಿಸಿತು. ಅನಂತರ ಹಿಂದಿನ ಆಸನವನ್ನು ಎತ್ತಿ, ಟಾಂಕಿಯ ಮುಚ್ಚಳದ ಮೇಲೆ ಪಂಪಿಗೆ ಹೋಗುವ ತಂತಿಗಳಿಗೆ ಹಿಡಿದನು, ೧೧.೬ ಮಾತ್ರ. ಅಲ್ಲಿಯ ಜೋಡಣೆಯ ಪ್ಲಾಸ್ಟಿಕು ಕಾವಿಗೆ ಕಂದಿ ಕಾಫಿಯ ಬಣ್ಣಕ್ಕೆ ತಿರುಗಿತ್ತು. "ಪಂಪಿಗೆ ರೋಗವಿಲ್ಲ, ಹಸಿವು" ಎಂದಷ್ಟೇ ಅವನು ನುಡಿದನು.

ಈ ಹಸಿವಿನ ಗಣಿತವನ್ನು ಹೇಳಿಕೊಟ್ಟವನು ಒಬ್ಬ ಶಾಲಾಮಾಸ್ತರನು. ಜರ್ಮನಿಯ ಕಲೋನ್ ನಗರದ ವಿದ್ಯಾಶಾಲೆಯಲ್ಲಿ ಗಣಿತವನ್ನೂ ಪದಾರ್ಥವಿಜ್ಞಾನವನ್ನೂ ಕಲಿಸುತ್ತಿದ್ದ ಜಾರ್ಜ್ ಸೈಮನ್ ಓಮ್ ಎಂಬವನು ತಾನೇ ತಂತಿಗಳನ್ನು ಮಾಡಿಕೊಂಡು ಪ್ರಯೋಗಗಳನ್ನು ನಡೆಸಿ, ೧೮೨೭ರಲ್ಲಿ ತನ್ನ ನಿಯಮವನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ತಂತಿಯು ಉದ್ದವಾದಷ್ಟೂ ಸಣ್ಣದಾದಷ್ಟೂ ಅದರ ತಡೆಯು ಹೆಚ್ಚು; ಆ ತಡೆಯೊಳಗೆ ಪ್ರವಾಹವು ಹೆಚ್ಚಿದಷ್ಟೂ ವಿದ್ಯುತ್ತಿನ ಒತ್ತಡವು ದಾರಿಯಲ್ಲಿಯೇ ಸೋರಿಹೋಗುವದು. ಒಂದು ಚದರ ಮಿಲಿಮೀಟರು ದಪ್ಪದ, ೫ ಮೀಟರು ಉದ್ದದ ತಾಮ್ರದ ತಂತಿಯಲ್ಲಿ ೧೩ ಆಂಪಿಯರು ಹರಿದರೆ ಸುಮಾರು ೧.೧ ವೋಲ್ಟು ನಷ್ಟವಾಗುತ್ತದೆ. ಅದೇ ತಂತಿಯು ೪ ಚದರ ಮಿಲಿಮೀಟರಿನದಾದರೆ ನಷ್ಟವು ಅದರ ಕಾಲುಭಾಗವು.

ಈ ಗಾಡಿಯಲ್ಲಿ ಕಾರಖಾನೆಯವರು ಹಾಕಿದ ಸಣ್ಣ ತಂತಿಯು ೬ ಆಂಪಿಯರು ಉಣ್ಣುವ ಹಳೆಯ ಪಂಪಿಗೆ ಅಳತೆಯಾಗಿತ್ತು. ಹೊಸ ಪಂಪು ೧೩ ಆಂಪಿಯರು ಬೇಡಿತು. ಬೇಡಿದಷ್ಟೂ ತಂತಿಯಲ್ಲಿ ನಷ್ಟವು ಹೆಚ್ಚಿತು. ನಷ್ಟವು ಹೆಚ್ಚಿದಷ್ಟೂ ಪಂಪು ನಿಧಾನವಾಯಿತು. ಇದರ ಮೇಲೆ ಕರಾವಳಿಯ ಉಪ್ಪಿನ ಗಾಳಿಯು ತನ್ನ ಪಾಲನ್ನು ತೆಗೆದುಕೊಂಡಿತ್ತು. ವರ್ಷಕ್ಕೆ ೩೦೦೦ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಈ ನೆಲದಲ್ಲಿ ತಾಮ್ರಕ್ಕೆ ಕಿಲುಬೂ ಕಬ್ಬಿಣಕ್ಕೆ ತುಕ್ಕೂ ಹಿಡಿಯುವದು ಹೊಸದಲ್ಲ. ಗಾಡಿಯ ಒಡಲಿಗೆ ಭೂಮಿಯ ತಂತಿಯನ್ನು ಬಿಗಿದಿದ್ದ ಬೋಲ್ಟಿನ ಕೆಳಗೆ ತುಕ್ಕಿನ ಪದರು ಇತ್ತು. ಹಳೆಯ ರಿಲೇಯ ನಾಲಗೆಗಳು ಸುಟ್ಟಿದ್ದವು. ಒಟ್ಟು ೨.೨ ವೋಲ್ಟಿನ ನಷ್ಟದಲ್ಲಿ ಅರ್ಧವು ತಂತಿಯದು, ಉಳಿದರ್ಧವು ಈ ಜೋಡಣೆಗಳದು. ಸುಮಾರು ೨೮ ವಾಟ್ ಶಕ್ತಿಯು ಪೆಟ್ರೋಲನ್ನು ದಬ್ಬುವ ಬದಲು ಆಸನದ ಕೆಳಗೆ ಪ್ಲಾಸ್ಟಿಕನ್ನು ಬೇಯಿಸುತ್ತಿತ್ತು.

ಇಂಥಲ್ಲಿ ಒಂದು ಸುಲಭವಾದ ದಾರಿಯುಂಟು. ಬ್ಯಾಟರಿಯಿಂದ ದಪ್ಪ ತಂತಿಯನ್ನು ಎಳೆದು, ನಡುವೆ ಒಂದು ಗುಂಡಿಯನ್ನಿಟ್ಟು, ಪಂಪಿಗೆ ನೆಟ್ಟಗೆ ಮುಟ್ಟಿಸುವದು. ಮಗನು ಅದನ್ನೇ ಸೂಚಿಸಿದನು. ಕೆಲವು ಕಡೆಗಳಲ್ಲಿ ಹಾಗೆ ಮಾಡುವವರೂ ಇದ್ದಾರೆ. ಮುದುಕನು ಒಪ್ಪಲಿಲ್ಲ. ಸಣ್ಣ ತಂತಿಯು ಕೇವಲ ವಿದ್ಯುತ್ತನ್ನು ತರುವದಲ್ಲ, ಆಜ್ಞೆಯನ್ನೂ ತರುತ್ತದೆ. ಗಾಡಿಯು ಡಿಕ್ಕಿ ಹೊಡೆದು ಎಂಜಿನು ನಿಂತರೆ ಗಣಕಯಂತ್ರವು ಆ ಆಜ್ಞೆಯನ್ನು ಕಡಿಯುತ್ತದೆ. ಕೆಲವು ಗಾಡಿಗಳಲ್ಲಿ ಆಘಾತಕ್ಕೆ ತಾನಾಗಿ ಬಿಚ್ಚಿಕೊಳ್ಳುವ ಕೀಲಿಯೊಂದು ಇದಕ್ಕೆಂದೇ ಇರುತ್ತದೆ. ಪಂಪು ನಿಲ್ಲುತ್ತದೆ. ನೆಟ್ಟಗೆ ಜೋಡಿಸಿದ ಪಂಪಿಗೆ ಈ ತಿಳಿವಳಿಕೆಯಿಲ್ಲ. ಗಾಡಿಯು ಮಗುಚಿಬಿದ್ದು, ಕೊಳವೆಯು ಹರಿದು, ಒಳಗಿನವರು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿರುವಾಗಲೂ ಅದು ತನ್ನ ಧರ್ಮವನ್ನು ಬಿಡದೆ ಕಾದ ಎಂಜಿನಿನ ಮೇಲೆ ಪೆಟ್ರೋಲನ್ನು ಸುರಿಯುತ್ತಲೇ ಇರುವದು.

ಆದಕಾರಣ ಅವನು ಅಂಧಪಂಗುನ್ಯಾಯವನ್ನು ಅನುಸರಿಸಿದನೆನ್ನಬೇಕು. ಹಳೆಯ ಸಣ್ಣ ತಂತಿಗೆ ಕಣ್ಣುಂಟು, ಕಾಲಿಲ್ಲ. ಯಾವಾಗ ಪಂಪು ನಡೆಯಬೇಕು, ಯಾವಾಗ ನಿಲ್ಲಬೇಕೆಂಬದು ಅದಕ್ಕೆ ಗೊತ್ತು, ಭಾರವನ್ನು ಹೊರಲಾರದು. ಹೊಸ ದಪ್ಪ ತಂತಿಗೆ ಕಾಲುಂಟು, ಕಣ್ಣಿಲ್ಲ. ಇವೆರಡನ್ನೂ ಕೂಡಿಸುವ ಸಾಧನವೇ ರಿಲೇ ಎಂಬದು. ಟಾಂಕಿಯ ಹತ್ತಿರ ಒಂದು ಹೊಸ ರಿಲೇಯನ್ನು ಕೂಡಿಸಿ, ಹಳೆಯ ತಂತಿಯನ್ನು ಅದರ ಸುರುಳಿಗೆ ಕಟ್ಟಿದನು. ಸುರುಳಿಗೆ ಬೇಕಾದದ್ದು ಒಂದು ಆಂಪಿಯರಿನ ಐದನೆಯ ಪಾಲೂ ಅಲ್ಲ. ಬ್ಯಾಟರಿಯಿಂದ ೪ ಚದರ ಮಿಲಿಮೀಟರಿನ, ದೋಣಿಗಳಲ್ಲಿ ಬಳಸುವಂಥ, ತವರದ ಲೇಪವುಳ್ಳ ತಾಮ್ರದ ತಂತಿಯನ್ನು ಎಳೆದನು. ಬ್ಯಾಟರಿಯಿಂದ ಒಂದು ಗೇಣಿನೊಳಗೆಯೇ ೨೦ ಆಂಪಿಯರಿನ ಫ್ಯೂಜನ್ನು ಇಟ್ಟನು. ಏಕೆಂದರೆ ಫ್ಯೂಜಿನ ಹಿಂದಿರುವ ತಂತಿಯು ಎಲ್ಲಿಯಾದರೂ ಒಡಲಿಗೆ ತಾಗಿದರೆ ಅದನ್ನು ಕಾಯುವವರಾರೂ ಇಲ್ಲ. ತಂತಿಯು ತಗಡನ್ನು ತೂರುವಲ್ಲೆಲ್ಲ ರಬ್ಬರಿನ ಬಳೆಯನ್ನು ತೊಡಿಸಿದನು. ಅಷ್ಟೇ ದಪ್ಪದ ಇನ್ನೊಂದು ತಂತಿಯನ್ನು ಪಂಪಿನಿಂದ ಒಡಲಿಗೆ ಬಿಗಿದು, ಬಣ್ಣವನ್ನು ಕೆರೆದು ಹೊಳೆಯುವ ಲೋಹವನ್ನು ಕಾಣಿಸಿ, ಬಿಗಿದ ಮೇಲೆ ಗ್ರೀಸನ್ನು ಹಚ್ಚಿದನು. ಕಂದಿದ ಜೋಡಣೆಯನ್ನು ಬದಲಿಸಿದನು. ಈ ಕೆಲಸಕ್ಕೆ ಮುಂಚೆ ಬ್ಯಾಟರಿಯನ್ನು ಬಿಚ್ಚಿಟ್ಟು, ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿದ್ದನು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ಕುಳಿಗಳಲ್ಲಿಯೂ ಮುಚ್ಚಿದ ಕೋಣೆಗಳಲ್ಲಿಯೂ ಮಡುಗಟ್ಟಿ ನಿಲ್ಲುವದು.

ಎಂಜಿನನ್ನು ಹೂಡಿ ಪುನಃ ಅಳೆದಾಗ ಪಂಪಿನಲ್ಲಿ ೧೩.೩ ವೋಲ್ಟು ಬಂದಿತು. ಇಲ್ಲಿಗೆ ಕಥೆಯು ಮುಗಿಯಬಹುದಾಗಿತ್ತು. ಆದರೆ ಮುದುಕನು ಇನ್ನೊಂದು ಪರೀಕ್ಷೆಯನ್ನು ಮಾಡಿಸಿದನು. ಮೂಟೆ ಕಟ್ಟಿಟ್ಟಿದ್ದ ಹಳೆಯ ಪಂಪನ್ನು ತರಿಸಿ, ಹೊಸ ತಂತಿಗೆ ಜೋಡಿಸಿ, ಟರ್ಬೋದ ಒತ್ತಡವನ್ನು ಕಾರಖಾನೆಯ ಮೊದಲಿನ ಮಟ್ಟಕ್ಕೆ ಇಳಿಸಿದ ಮೇಲೆ, ಒತ್ತಡಮಾಪಕವನ್ನು ಕಟ್ಟಿಕೊಂಡು ದೇವಿಮನೆಯನ್ನು ಏರಿಸಿದನು. ಮುಳ್ಳು ಅಲುಗಲಿಲ್ಲ. ನೂರೈವತ್ತು ಕುದುರೆಶಕ್ತಿಯ ಪೆಟ್ರೋಲು ಎಂಜಿನು ತನ್ನ ಪೂರ್ಣ ಬಲದಿಂದ ದುಡಿದರೂ ಗಂಟೆಗೆ ೫೦ ಲೀಟರಿನ ಸುಮಾರಿಗಿಂತ ಹೆಚ್ಚು ಕುಡಿಯುವದಿಲ್ಲ. ಈ ಗಾಡಿಯ ಶಕ್ತಿಯು ಅದಕ್ಕಿಂತ ಕಡಿಮೆಯದು. ೨೫೫ ಲೀಟರಿನ ಪಂಪು ಅದಕ್ಕೆ ಬೇಕಾಗಿಯೇ ಇರಲಿಲ್ಲ. ಬೇಡವಾದ ದೊಡ್ಡ ಪಂಪು ಮಿಕ್ಕ ಪೆಟ್ರೋಲನ್ನು ಸುಮ್ಮನೆ ಸುತ್ತಿಸಿ ಕಾಯಿಸುವದು. ಹಿಂದಿರುಗುವ ಕೊಳವೆಯು ಸಣ್ಣದಾದರೆ ಒತ್ತಡವು ಹತೋಟಿ ಮೀರುವದು.

ಹಾಗೆಂದು ದೊಡ್ಡ ಪಂಪು ಎಲ್ಲಿಯೂ ಸಲ್ಲದೆಂದು ವಾಚಕರು ತಿಳಿಯಬಾರದು. ಟರ್ಬೋದ ಒತ್ತಡವನ್ನು ನಿಜವಾಗಿ ಏರಿಸಿದವರಿಗೆ ಪಂಪೂ ತಂತಿಯೂ ಒಟ್ಟಿಗೆ ಬೆಳೆಯಬೇಕು. ಈಚೆಗೆ ಪೆಟ್ರೋಲಿನಲ್ಲಿ ಎಥನಾಲನ್ನು ಬೆರಸುವ ಪ್ರಮಾಣವು ಹೆಚ್ಚುತ್ತ ಬಂದು ೨೦೨೫ರಲ್ಲಿ ನೂರಕ್ಕೆ ೨೦ನ್ನು ಮುಟ್ಟಿತು. ಎಥನಾಲು ಉರಿಯಲು ತನ್ನ ತೂಕದ ೯ ಪಟ್ಟು ಗಾಳಿಯಷ್ಟೇ ಸಾಕು. ಎಂದರೆ ಅದೇ ಗಾಳಿಗೆ ಇಂಧನವು ಹೆಚ್ಚು ಬೇಕು. ಅದಲ್ಲದೆ ಎಥನಾಲು ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಸೋತ ತಂತಿಯ ತುದಿಯಲ್ಲಿರುವ ಹಳೆಯ ಪಂಪಿಗೆ ಇದು ಇನ್ನೊಂದು ಹೊರೆ. ಕಾಯಿದೆಯ ಮಾತೂ ಇದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ನೋಂದಣಿಯ ವಿವರಗಳು ತಯಾರಕನ ಮೂಲನಿರ್ದೇಶಕ್ಕೆ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. ಸುಪ್ರೀಮ್ ಕೋರ್ಟು ೨೦೧೯ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಆದುದರಿಂದ ಎಂಜಿನಿನ ಬಲವನ್ನು ತಿದ್ದುವ ಮುನ್ನ ಸಾರಿಗೆಯ ಕಚೇರಿಯವರನ್ನೂ ವಿಮೆಯವರನ್ನೂ ಕೇಳತಕ್ಕದ್ದು. ಸವೆದ ತಂತಿಯನ್ನು ದುರಸ್ತಿ ಮಾಡಿಸುವದು ಬೇರೆ, ಗಾಡಿಯ ಜಾತಿಯನ್ನೇ ಬದಲಿಸುವದು ಬೇರೆ.

ಶಕ್ತಿಯು ಬೇಕೆನ್ನುವವನು ಶಕ್ತಿಯು ಬರುವ ದಾರಿಯನ್ನು ಮೊದಲು ಅಗಲ ಮಾಡಬೇಕು. ದಾರಿಯನ್ನು ಅಗಲ ಮಾಡುವಾಗ ಆಜ್ಞೆಯ ಎಳೆಯನ್ನು ಕಡಿಯಬಾರದು. ಮನೆಯ ವ್ಯವಹಾರದಲ್ಲಿಯೂ ಇದು ಸುಳ್ಳಲ್ಲ. ಹರೆಯದ ಮಗನಿಗೆ ಬಲವಿರುತ್ತದೆ. ಹಿರಿಯರಿಗೆ ಯಾವಾಗ ನಿಲ್ಲಬೇಕೆಂಬ ಅರಿವಿರುತ್ತದೆ. ಆ ಗೃಹಸ್ಥನೂ ಮಗನೂ ಘಟ್ಟದ ಮೇಲಿನಿಂದ ಇಳಿದು ಬರುವಾಗ ತುಂಬ ದಿನಗಳ ಮೇಲೆ ಒಬ್ಬರೊಡನೊಬ್ಬರು ಮಾತನಾಡಿದರೆಂದು ಮೇಸ್ತ್ರಿಯು ಹೇಳುತ್ತಿದ್ದನು. ಮಾತಿನ ವಿಷಯವು ತಂತಿಯ ದಪ್ಪವಂತೆ.

ಕರಾವಳಿಯ ಮನೆಗಳಲ್ಲಿ ಮಳೆಗಾಲವು ಕಳೆದ ಮೇಲೆ ಹಂಚುಗಳನ್ನು ಕೈಯಾಡಿಸುವ ವಾಡಿಕೆಯುಂಟು. ಅದೇ ವಾರದಲ್ಲಿ ಗಾಡಿಯ ಹಿಂದಿನ ಆಸನವನ್ನು ಎತ್ತಿಸಿ, ಬಲ್ಲವನಿಂದ ಬ್ಯಾಟರಿಯಲ್ಲಿಯೂ ಪಂಪಿನಲ್ಲಿಯೂ ವೋಲ್ಟುಗಳನ್ನು ಅಳೆಸಿ, ಎರಡು ಅಂಕಿಗಳನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡತಕ್ಕದ್ದು. ಅವುಗಳ ಅಂತರವು ಅರ್ಧ ವೋಲ್ಟಿನೊಳಗೆ ಇದ್ದರೆ ನಿಶ್ಚಿಂತೆಯಿಂದಿರಬಹುದು. ಒಂದನ್ನು ಮೀರಿದರೆ ಪಂಪಿನ ಬೆಲೆಯನ್ನು ವಿಚಾರಿಸುವದಕ್ಕೆ ಮುಂಚೆ ತಂತಿಯನ್ನೂ ಬೋಲ್ಟನ್ನೂ ನೋಡಿಸತಕ್ಕದ್ದು.